ಹಡಗು ಇಳಿದ ರಾತ್ರಿ ಎಲ್ಲಿ ಮಲಗೋದು? ಎಲಿಜಬೆತ್ ಫ್ರೈ ಅವರಿಗೆ ಬಂದ ಒಂದು ಪತ್ರದ ಪ್ರಕರಣ

ಜೈಲಿನ ಹೆಂಗಸರಿಗಾಗಿ ದುಡಿದ ಲಂಡನ್ನಿನ ಎಲಿಜಬೆತ್ ಫ್ರೈ ಅವರಿಗೆ ಬಂದ ನೂರಾರು ಪತ್ರಗಳಲ್ಲಿ ಒಂದರ ತಾರೀಕು 1819ರ ಫೆಬ್ರವರಿ 23. ಬರೆದ ಊರು ಪ್ಯಾರಮಟ್ಟಾ. ಸಿಡ್ನಿಯಿಂದ ನದಿ ಹಿಡಿದು ದೋಣಿಯಲ್ಲಿ ಒಳಕ್ಕೆ ಹೋದರೆ ಸುಮಾರು 25 ಕಿಲೋಮೀಟರಿಗೆ ಈ ಊರು ಸಿಗುತ್ತದೆ. ಬರೆದವರು ಅಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್. ಆ ಕಾಲದಲ್ಲಿ ಅಲ್ಲಿಂದ ಹೊರಟ ಟಪಾಲು ಇಂಗ್ಲೆಂಡ್ ಮುಟ್ಟೋಕೆ ಐದಾರು ತಿಂಗಳು ಹಿಡಿಯುತ್ತಿತ್ತು.

ಪತ್ರದ ದೂರು ಮೇಲ್ನೋಟಕ್ಕೆ ತೀರಾ ಸಣ್ಣದು. ಇಂಗ್ಲೆಂಡಿನಿಂದ ಗಡೀಪಾರಾಗಿ ಬರುವ ಹೆಂಗಸರಿಗೆ ಇಲ್ಲಿ ಮಲಗಲು ಜಾಗ ಇಲ್ಲ. ಇಷ್ಟೇ. ಸರಪಳಿ, ಚಾಟಿ, ಕತ್ತಲೆ ಕೋಣೆ ಯಾವುದರ ಕಥೆಯನ್ನೂ ಪಾದ್ರಿ ಹೇಳಹೊರಟಿಲ್ಲ. ಒಂದು ಸೂರು, ಒಂದು ಮಂಚ. ಅದಿಲ್ಲದ್ದಕ್ಕೆ ಏನೇನಾಗುತ್ತಿದೆ ಅಂತ ಬರೆದಿದ್ದಾರೆ.

ಫ್ರೈ ಅಂದರೆ 'ಜೈಲುಗಳ ದೇವತೆ' ಅಂತ ಹೊಗಳುವುದೇ ರೂಢಿ. ಹಾಗೆ ಹೊಗಳಿದ ಮೇಲೆ ಹೇಳೋಕೆ ಬೇರೇನೂ ಉಳಿಯೋದಿಲ್ಲ. ಈ ಪ್ರಕರಣವನ್ನು ನಾನು ಆರಿಸಿಕೊಂಡಿದ್ದಕ್ಕೆ ಕಾರಣ, ಇಲ್ಲಿ ಅವರು ಪತ್ರ ಬರೆಯುವ ದೇವತೆಯಲ್ಲ. ಪತ್ರ ಬಂದಾಗ ಏನು ಮಾಡಬೇಕೋ ತೋಚದೆ ಕೂರಬಹುದಾದ ಒಬ್ಬ ಗೃಹಿಣಿ. ಅದೂ ತಮ್ಮದೇ ಕೆಲಸದಲ್ಲಿ ಎಲ್ಲಿ ತೂತಿದೆ ಅಂತ ತೋರಿಸುವ ಪತ್ರ.

ಹಿನ್ನೆಲೆ

ಫ್ರೈ ಹುಟ್ಟಿದ್ದು 1780ರಲ್ಲಿ, ನಾರ್ವಿಚ್ ಊರಿನ ಗರ್ನಿ ಎಂಬ ಶ್ರೀಮಂತ ಮನೆತನದಲ್ಲಿ. ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು. 1800ರಲ್ಲಿ ಜೋಸೆಫ್ ಫ್ರೈ ಜೊತೆ ಮದುವೆ, ಆಮೇಲೆ ಒಟ್ಟು 11 ಮಕ್ಕಳು. 1813ರಲ್ಲಿ ಸ್ಟೀಫನ್ ಗ್ರೆಲೆ ಎಂಬ ಕ್ವೇಕರ್ ಪ್ರಚಾರಕ ಲಂಡನ್ನಿನ ನ್ಯೂಗೇಟ್ ಜೈಲು ನೋಡಿ ಬಂದು, ಅಲ್ಲಿ ಹೆಂಗಸರೂ ಕೂಸುಗಳೂ ಬರಿ ನೆಲದ ಮೇಲೆ ಬಿದ್ದಿರುವುದನ್ನು ಹೇಳಿದರು. ಫ್ರೈ ಬಟ್ಟೆ ಹೊಲಿಸಿಕೊಂಡು ಹೋದರು. ಸುಮಾರು 300 ಹೆಂಗಸರು, ಜೊತೆಗೆ ಮಕ್ಕಳು, ಕೆಲವೇ ಕೋಣೆಗಳಲ್ಲಿ. ಅಲ್ಲೇ ಅಡುಗೆ, ಅಲ್ಲೇ ತೊಳೆಯೋದು, ಅಲ್ಲೇ ನಿದ್ದೆ. ಮನೆಯ ತಾಪತ್ರಯಗಳಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಮತ್ತೆ ಹೋಗಲಾಗಲಿಲ್ಲ. 1817ರಲ್ಲಿ ಮಾತ್ರ ಗಟ್ಟಿಯಾಗಿ ಹಿಡಿದರು. ಜೈಲಿನೊಳಗೆ ಮಕ್ಕಳಿಗೆ ಶಾಲೆ ಶುರುವಾಯಿತು. ಮೇಷ್ಟ್ರು ಕೂಡ ಒಬ್ಬ ಕೈದಿಯೇ, ಗಡಿಯಾರ ಕದ್ದು ಬಂದ ಮೇರಿ ಕಾನರ್. ಏಪ್ರಿಲ್‌ನಲ್ಲಿ 12 ಹೆಂಗಸರ ಒಂದು ಸಂಘ ಕಟ್ಟಿದರು. 1818ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಕೆಳಮನೆಯ ಸಮಿತಿ ಅವರನ್ನು ಕರೆದು ಸಾಕ್ಷಿ ಕೇಳಿತು. ಹೆಂಗಸೊಬ್ಬಳು ಅಲ್ಲಿ ನಿಂತು ಸರ್ಕಾರಿ ವಿಷಯಕ್ಕೆ ಉತ್ತರ ಕೊಡೋದು ಆಗ ಕಾಣದ ಮಾತು.

ನ್ಯೂಗೇಟ್‌ನಲ್ಲಿದ್ದ ಎಷ್ಟೋ ಹೆಂಗಸರ ಮುಂದಿನ ನಿಲ್ದಾಣ ಗಡೀಪಾರು. ನಮಗೆ ಕರಿನೀರು ಅಂದರೆ ಅಂಡಮಾನ್. ಆದರೆ ಅಂಡಮಾನಿನ ಕೈದಿ ವಸಾಹತು ನಿಂತಿದ್ದು 1858ರಲ್ಲಿ. ಅದಕ್ಕೆ 70 ವರ್ಷ ಮುಂಚೆಯೇ, 1788ರಲ್ಲಿ, ಬ್ರಿಟಿಷರು ತಮ್ಮದೇ ಜನರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಲು ಶುರು ಮಾಡಿದ್ದರು. 1868ರವರೆಗೆ ಸುಮಾರು 1,60,000 ಮಂದಿ ಹೋದರು. ಅವರಲ್ಲಿ ಸುಮಾರು 25,000 ಹೆಂಗಸರು. ಹೆಚ್ಚಿನವರ ಅಪರಾಧ ಕಳ್ಳತನ. ಬಟ್ಟೆಯ ತುಂಡು, ಚಮಚ, ಯಜಮಾನನ ಮನೆಯ ಸಾಮಾನು, ಇಂಥವು.

ಹಡಗು ಹತ್ತಿಸುವ ಹಿಂದಿನ ರಾತ್ರಿ ನ್ಯೂಗೇಟ್‌ನಲ್ಲಿ ರಂಪವೋ ರಂಪ. ಕಿಟಕಿ ಒಡೆಯೋದು, ಸಿಕ್ಕಿದ್ದಕ್ಕೆ ಬೆಂಕಿ ಇಡೋದು. ಬೆಳಗ್ಗೆ ತೆರೆದ ಗಾಡಿಗಳಲ್ಲಿ ತುಂಬಿಸಿ ನದಿ ದಂಡೆಗೆ ಒಯ್ಯುತ್ತಿದ್ದರು. ಬೀದಿಯ ಜನ ಕೂಗುತ್ತಾ, ಕಲ್ಲು ಕೆಸರು ಎಸೆಯುತ್ತಾ ಹಿಂದೆ ಬರುತ್ತಿದ್ದರು. 1818ರಲ್ಲಿ ಫ್ರೈ ಜೈಲಿನ ಅಧಿಕಾರಿಯನ್ನು ಒಪ್ಪಿಸಿ ಇದನ್ನು ನಿಲ್ಲಿಸಿದರು. ತೆರೆದ ಗಾಡಿಯ ಬದಲು ಮುಚ್ಚಿದ ಬಾಡಿಗೆ ಬಂಡಿಗಳು. ತಾವೂ ಜೊತೆಗೆ ಬರುತ್ತೇನೆ ಅಂತ ಮಾತು ಕೊಟ್ಟು ಹಿಂದೆಯೇ ಹೋದರು. ಆ ಸಲದ ಹಡಗಿನ ಹೆಸರು ಮರಿಯಾ. 128 ಹೆಂಗಸರು. ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬಳು ಮೇಲ್ವಿಚಾರಕಿಯನ್ನು ಅವರಿಂದಲೇ ಆರಿಸಿದರು.

ತಿಂಗಳುಗಟ್ಟಲೆ ಸಮುದ್ರದಲ್ಲಿ ಸುಮ್ನೆ ಕೂತು ಏನು ಮಾಡಬೇಕು? ಇದಕ್ಕೆ ಸಿಕ್ಕ ಉತ್ತರ ನಮ್ಮ ಉತ್ತರ ಕರ್ನಾಟಕದ ಅಜ್ಜಿಯರಿಗೆ ತಕ್ಷಣ ಗೊತ್ತಾಗುತ್ತದೆ: ಕೌದಿ. ಬಟ್ಟೆ ವ್ಯಾಪಾರಿಗಳಿಂದ ಉಳಿದ ತುಂಡುಗಳನ್ನು ಬೇಡಿ ತಂದು, ಸೂಜಿ, ದಾರ, ಕತ್ತರಿ ಸೇರಿಸಿ ಒಬ್ಬೊಬ್ಬರಿಗೆ ಒಂದೊಂದು ಗಂಟು ಕೊಟ್ಟರು. ದಾರಿಯಲ್ಲಿ ತುಂಡು ಜೋಡಿಸಿ ಹೊಲಿದರೆ, ಇಳಿದ ಊರಲ್ಲಿ ಮಾರಿ ನಾಲ್ಕು ಕಾಸು ಮಾಡಿಕೊಳ್ಳಬಹುದು. ಕೆಲವು ಹಡಗುಗಳ ಕೌದಿಗಳು ನಡುದಾರಿಯಲ್ಲಿ ರಿಯೋ ಡಿ ಜನೈರೋದಲ್ಲೇ ಮಾರಾಟವಾದವು.

ಒಳ್ಳೆಯ ಏರ್ಪಾಡು. ಆದರೆ ಇದೆಲ್ಲ ಥೇಮ್ಸ್ ನದಿಯ ದಂಡೆಯಲ್ಲಿ ಶುರುವಾಗಿ ಹಡಗಿನ ಏಣಿ ಇಳಿಯುವಲ್ಲಿಗೆ ಮುಗಿಯುತ್ತಿತ್ತು. ಏಣಿ ಇಳಿದ ಮೇಲೆ?

ಪತ್ರದಲ್ಲಿ ಇದ್ದದ್ದು

ಮಾರ್ಸ್‌ಡನ್ ಬಹಳ ಮರ್ಯಾದೆಯಿಂದ ಶುರು ಮಾಡುತ್ತಾರೆ. ನಿಮ್ಮ ಕೆಲಸದ ಬಗ್ಗೆ ಪತ್ರಿಕೆಗಳಲ್ಲಿ ಓದಿದೆ, ಇಂಗ್ಲೆಂಡಿನ ಸ್ನೇಹಿತರೂ ಬರೆದಿದ್ದಾರೆ ಅನ್ನುತ್ತಾರೆ. ನಿಮ್ಮ ಕೈಯಿಂದ ಉಪಕಾರ ಪಡೆದ ಹೆಂಗಸರನ್ನು ಇಲ್ಲಿ ನೋಡಿದ್ದೇನೆ, ತಾಯಿಯ ಹಾಗೆ ನೋಡಿಕೊಂಡಿರಿ ಅಂತ ನೆನೆಯುತ್ತಾರೆ ಎನ್ನುತ್ತಾರೆ. ಮರಿಯಾ ಹಡಗಿನವರು ಆ ಹೊತ್ತಿಗೆ ಅಲ್ಲಿ ಇಳಿದಿದ್ದರು. ಬಹುಶಃ ಅವರ ಮಾತೇ ಇರಬೇಕು.

ಆಮೇಲೆ ವಿಷಯಕ್ಕೆ ಬರುತ್ತಾರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಹೆಂಗಸರಿಗಾಗಿ ಓಡಾಡಿದ್ದೇನೆ, ಏನೂ ಆಗಲಿಲ್ಲ. 1807ರಲ್ಲಿ ಇಂಗ್ಲೆಂಡಿಗೆ ಬಂದಾಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ಗೆ ಮನವಿ ಕೊಟ್ಟೆ. ವಸಾಹತು ಕಚೇರಿಗೆ ಹೇಳಿದೆ. ಪಾರ್ಲಿಮೆಂಟ್ ಸದಸ್ಯರಿಗೆ ಹೇಳಿದೆ. ಹೆಂಗಸರಿಗೆ ವಸತಿ ಕಟ್ಟಿಸುತ್ತೇವೆ ಅಂದರು. 1810ರಲ್ಲಿ ವಾಪಸ್ ಬಂದು ನೋಡಿದರೆ ಎಲ್ಲ ಬಿಟ್ಟುಹೋದ ಹಾಗೇ ಇದೆ. ಗವರ್ನರನ್ನು ಕೇಳಿದರೆ, ಮೇಲಿನಿಂದ ನನಗೆ ಯಾವ ಸೂಚನೆಯೂ ಬಂದಿಲ್ಲ ಅಂದರು.

ಈ ಭಾಗ ಓದುವಾಗ ನನಗೆ ನಗು ಬರುತ್ತದೆ, ನಗಬಾರದು. ಫೈಲು ಎಲ್ಲಿ ಕೂತಿದೆ ಅಂತ ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಇದು ಗೊತ್ತಿರುವ ಅನುಭವ ಅಲ್ವಾ? ಮೇಲಿನವರು ಕಳಿಸಿದ್ದೇವೆ ಅನ್ನುತ್ತಾರೆ, ಕೆಳಗಿನವರು ಬಂದಿಲ್ಲ ಅನ್ನುತ್ತಾರೆ. ಇಲ್ಲಿ ಮೇಲಿನ ಕಚೇರಿಗೂ ಕೆಳಗಿನ ಕಚೇರಿಗೂ ನಡುವೆ ಎರಡು ಮಹಾಸಾಗರಗಳಿದ್ದವು, ಅದೊಂದೇ ವ್ಯತ್ಯಾಸ.

ಪ್ಯಾರಮಟ್ಟಾದಲ್ಲಿ ಆಗ 'ಕಾರ್ಖಾನೆ' ಅಂತ ಕರೆಯುತ್ತಿದ್ದ ಜಾಗದ ಸ್ಥಿತಿಯನ್ನು ಮಾರ್ಸ್‌ಡನ್ ಲೆಕ್ಕ ಸಮೇತ ಅಧಿಕಾರಿಗಳ ಮುಂದೆ ಇಟ್ಟಿದ್ದರು. ಹಡಗು ಸಿಡ್ನಿಗೆ ಬಂದಾಗ ಮನೆಗೆಲಸಕ್ಕೆ ಬೇಕಾದವರನ್ನು ವಸಾಹತಿನ ಜನ ಆರಿಸಿಕೊಂಡು ಹೋಗುತ್ತಿದ್ದರು. ಯಾರೂ ಆರಿಸದೆ ಉಳಿದವರನ್ನು, ಅಂದರೆ ಹೆಚ್ಚಾಗಿ ವಯಸ್ಸಾದವರು, ಬಸುರಿಯರು, ಕಂಕುಳಲ್ಲಿ ಕೂಸಿದ್ದವರನ್ನು, ದೋಣಿ ಹತ್ತಿಸಿ ನದಿಯ ಮೇಲೆ ಪ್ಯಾರಮಟ್ಟಾಕ್ಕೆ ಕಳಿಸುತ್ತಿದ್ದರು. ಅಲ್ಲಿ ಗಂಡಸರ ಜೈಲಿನ ಮಹಡಿಯ ಮೇಲೆ ಎರಡು ಕೋಣೆ. ಒಂದೊಂದೂ ಸುಮಾರು 80 ಅಡಿ ಉದ್ದ, 20 ಅಡಿ ಅಗಲ. ನಮ್ಮ ಕಡೆಯ ಸಣ್ಣ ಛತ್ರದ ಊಟದ ಹಾಲ್ ಅಂದುಕೊಳ್ಳಿ. ಅದರಲ್ಲಿ ಹಗಲು 46 ಹೆಂಗಸರ ಕೆಲಸ. 26 ಜನ ಉಣ್ಣೆ ಹಿಂಜುತ್ತಾರೆ, 20 ಜನ ರಾಟೆಯಲ್ಲಿ ನೂಲುತ್ತಾರೆ. ನೇಯ್ಗೆಯ ಹಾಸು ಹೂಡುವ ಯಂತ್ರವೂ ಅಲ್ಲೇ. ಕಾರ್ಖಾನೆಯ ಪಟ್ಟಿಯಲ್ಲಿದ್ದ ಒಟ್ಟು ಹೆಂಗಸರು 150, ಅವರ ಮಕ್ಕಳು 70.

ಮಲಗುವ ಕೋಣೆ ಅನ್ನುವಂಥದ್ದು ಒಂದೂ ಇಲ್ಲ. ಮಂಚ ಇಲ್ಲ. ಮೇಣದ ಬತ್ತಿ ಇಲ್ಲ. ರಾತ್ರಿ ಸುಮಾರು 30 ಜನ ಅದೇ ರಾಟೆಗಳ ನಡುವೆ, ಜಿಡ್ಡು ಉಣ್ಣೆಯ ರಾಶಿ ಪಕ್ಕದಲ್ಲಿ, ನೆಲದ ಮೇಲೆ ಉರುಳಿಕೊಳ್ಳುತ್ತಾರೆ.

ಹಾಗಾದರೆ ಉಳಿದ 120 ಜನ? ಪತ್ರದ ಜೀವ ಇರುವುದು ಈ ಪ್ರಶ್ನೆಯಲ್ಲಿ. ಅವರು ಸಂಜೆ ಕೆಲಸ ಮುಗಿಸಿ ಊರೊಳಗೆ ಹೋಗಬೇಕು. ಬಾಡಿಗೆ ಕೊಟ್ಟು ಯಾರದೋ ಗುಡಿಸಲಲ್ಲಿ ಜಾಗ ಹುಡುಕಬೇಕು. ಕೈಯಲ್ಲಿ ದುಡ್ಡಿಲ್ಲ. ಮಾರ್ಸ್‌ಡನ್ ಮ್ಯಾಜಿಸ್ಟ್ರೇಟ್ ಕೂಡ ಆಗಿದ್ದವರು. ತಪ್ಪಿಗೆ ಸಿಕ್ಕಿಬಿದ್ದ ಹೆಂಗಸರನ್ನು ತಮ್ಮ ಎದುರು ತಂದು ನಿಲ್ಲಿಸಿದಾಗ ಬುದ್ಧಿ ಹೇಳಿದರೆ, ಅವರು ಕೊಡುತ್ತಿದ್ದ ಉತ್ತರವನ್ನು ಪತ್ರದಲ್ಲಿ ಬರೆದಿದ್ದಾರೆ. ಅದರ ಸಾರ ಇಷ್ಟು: ವಾರದ ಪಡಿಯನ್ನು ಪೂರ್ತಿ ಬಾಡಿಗೆಗೆ ಕೊಡಬೇಕು, ಆಮೇಲೆ ಹಸಿದು ಸಾಯಬೇಕು, ಇಲ್ಲವೇ ಕೆಟ್ಟ ದಾರಿ ಹಿಡಿಯಬೇಕು. ಅವರು ಹೇಳೋದು ನಿಜ ಅಂತ ನನಗೆ ಗೊತ್ತಿತ್ತು, ಏನು ಹೇಳಬೇಕೋ ತಿಳಿಯದೆ ಕೂರುತ್ತಿದ್ದೆ ಅಂತ ಪಾದ್ರಿ ಒಪ್ಪಿಕೊಳ್ಳುತ್ತಾರೆ. ಒಬ್ಬನೊಂದಿಗೆ ಸಂಬಂಧ ಬೆಳೆಸದೆ ಇರಲು ಒಂದು ಗುಡಿಸಲು ಸಿಕ್ಕಿದ್ದರೆ ಎಷ್ಟೋ ಜನ ನೆಟ್ಟಗೆ ಬದುಕುತ್ತಿದ್ದರು ಅಂತಲೂ ಬರೆಯುತ್ತಾರೆ.

ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ. ಆ ಕಾಲದ ಜೈಲು ಸುಧಾರಣೆಯ ಮಾತುಗಳೆಲ್ಲ ಮನಸ್ಸಿನ ಸುತ್ತ ಸುತ್ತುತ್ತಿದ್ದವು. ಬೈಬಲ್ ಓದಿಸಿ, ಕೆಲಸ ಕೊಡಿ, ಶಿಸ್ತು ಕಲಿಸಿ, ಮನಸ್ಸು ತಿರುಗುತ್ತದೆ. ಫ್ರೈ ಕೂಡ ಇದನ್ನೇ ನಂಬಿದ್ದರು. ಇಲ್ಲಿ ಪ್ರಾರ್ಥನೆ ಮಾಡಿಸುವುದೇ ಕೆಲಸವಾದ ಒಬ್ಬ ಪಾದ್ರಿ, ಮನಸ್ಸಿನ ಮಾತು ಆಮೇಲೆ, ಮೊದಲು ಬಾಗಿಲಿರುವ ಒಂದು ಕೋಣೆ ಬೇಕು ಅನ್ನುತ್ತಿದ್ದಾರೆ.

ಬರೆದ ಮನುಷ್ಯ

ಇಷ್ಟು ಓದಿ ಮಾರ್ಸ್‌ಡನ್ ಬಗ್ಗೆ ಪ್ರೀತಿ ಹುಟ್ಟಿದ್ದರೆ ಸ್ವಲ್ಪ ತಡೆಯಿರಿ. ಆಸ್ಟ್ರೇಲಿಯಾದ ಜನ ಇವರನ್ನು ನೆನೆಯುವುದು 'ಚಾಟಿಯ ಪಾದ್ರಿ' ಅಂತ. ಮ್ಯಾಜಿಸ್ಟ್ರೇಟ್ ಕುರ್ಚಿಯಲ್ಲಿ ಕೂತು ಕೈದಿಗಳಿಗೆ ಅವರು ಕೊಟ್ಟ ಹೊಡೆತದ ಶಿಕ್ಷೆಗಳು ಅಷ್ಟು ಕುಖ್ಯಾತ. ಕುರಿ ಸಾಕಿ, ಜಮೀನು ಮಾಡಿ ದೊಡ್ಡ ಶ್ರೀಮಂತರೂ ಆಗಿದ್ದರು.

ಹೆಂಗಸರ ವಿಷಯದಲ್ಲಿ ಅವರದೇ ಇನ್ನೊಂದು ಕಾಗದ ಇದೆ. 1806ರಲ್ಲಿ ವಸಾಹತಿನ ಹೆಂಗಸರ ಒಂದು ಪಟ್ಟಿ ಮಾಡಿದರು. ಒಟ್ಟು 1,430 ಹೆಸರು. ಅದರಲ್ಲಿ ಮದುವೆಯಾದವರು 395. ಉಳಿದ 1,035 ಜನರ ಮುಂದೆ 'ಇಟ್ಟುಕೊಂಡವಳು' ಅನ್ನುವ ಅರ್ಥದ ಮಾತು. ಕಾರಣ, ತಮ್ಮ ಆಂಗ್ಲಿಕನ್ ಚರ್ಚಿನಲ್ಲಿ ಆದದ್ದು ಮಾತ್ರ ಮದುವೆ. ಕ್ಯಾಥೊಲಿಕ್ ರೀತಿಯಲ್ಲೋ, ಯಹೂದಿ ರೀತಿಯಲ್ಲೋ ಕೈಹಿಡಿದು ವರ್ಷಗಟ್ಟಲೆ ಸಂಸಾರ ಮಾಡಿದವರೂ ಅದೇ ಸಾಲಿಗೆ ಸೇರಿಬಿಟ್ಟರು. ಆ ಪಟ್ಟಿಯ ಅಂಕಿ ಲಂಡನ್ ತಲುಪಿ, ಆಸ್ಟ್ರೇಲಿಯಾಕ್ಕೆ ಹೋದ ಹೆಂಗಸರೆಲ್ಲ ಕೆಟ್ಟವರು ಅನ್ನುವ ಮಾತಿಗೆ ಬಹುಕಾಲ ಆಧಾರವಾಯಿತು. ಅವರ ಹೆಸರು ಕೆಡಿಸಿದ ಕೈಯೇ ಹದಿಮೂರು ವರ್ಷದ ಮೇಲೆ ಅವರಿಗೊಂದು ಮನೆ ಕೊಡಿ ಅಂತ ಬರೆಯಿತು.

ಇನ್ನೊಂದು ಸಂಗತಿ. ಪತ್ರ ಬರೆಯುವ ಹೊತ್ತಿಗೆ ಮಾರ್ಸ್‌ಡನ್‌ಗೂ ಗವರ್ನರ್ ಲಾಕ್ಲನ್ ಮೆಕ್ವಾರಿಗೂ ಮುಖ ಕೊಟ್ಟು ಮಾತಾಡುವ ಸ್ಥಿತಿ ಇರಲಿಲ್ಲ. 1818ರ ಜನವರಿಯಲ್ಲಿ ಮೆಕ್ವಾರಿ ಅವರನ್ನು ಕರೆಸಿ, ರಾಜದ್ರೋಹಿ ಗುಂಪಿನ ಮುಖಂಡ ನೀನು ಅಂತ ಮುಖಕ್ಕೇ ಹೇಳಿದ್ದರು. ಸರ್ಕಾರಿ ಕೆಲಸವಿಲ್ಲದೆ ನನ್ನ ಮನೆ ಹತ್ತಿರ ಸುಳಿಯಬೇಡ ಅಂದಿದ್ದರು. ಅದೇ ವರ್ಷ ಮ್ಯಾಜಿಸ್ಟ್ರೇಟ್ ಕೆಲಸವೂ ಹೋಯಿತು. ಹಾಗಾಗಿ ಈ ಪತ್ರ ಹೆಂಗಸರ ಪರವಾದ ಮನವಿ ಹೌದು, ಗವರ್ನರ್ ಮೇಲಿನ ಚಾಡಿಯೂ ಹೌದು. 1815ರಲ್ಲಿ ಗವರ್ನರ್‌ಗೆ ತಾವು ಕೊಟ್ಟ ಮನವಿ, ಅದಕ್ಕೆ ಬಂದ ಉತ್ತರ, ಎರಡರ ನಕಲನ್ನೂ ಇಂಗ್ಲೆಂಡಿನ ಸ್ನೇಹಿತರಿಗೆ ಕಳಿಸಿದ್ದಾಗಿ ಮಾರ್ಸ್‌ಡನ್ ತಾವೇ ಹೇಳುತ್ತಾರೆ.

ಪತ್ರದಲ್ಲಿ ಕಾಣದ ಒಂದು ಕಟ್ಟಡದ ಮಾತನ್ನೂ ಹೇಳಬೇಕು. ಪತ್ರಕ್ಕೆ ಏಳು ತಿಂಗಳು ಮುಂಚೆ, 1818ರ ಜುಲೈನಲ್ಲಿ, ಪ್ಯಾರಮಟ್ಟಾ ನದಿಯ ದಂಡೆಯಲ್ಲಿ ಹೊಸ ಹೆಂಗಸರ ಕಾರ್ಖಾನೆಗೆ ಮೆಕ್ವಾರಿ ಅಡಿಗಲ್ಲು ಹಾಕಿ ಆಗಿತ್ತು. ಅಡಿಗಲ್ಲು ಬಿದ್ದ ಊರಲ್ಲೇ ಕೂತು ಮಾರ್ಸ್‌ಡನ್ ಬರೆಯುತ್ತಿದ್ದರು. ಅವರ ಪರವಾಗಿ ಹೇಳುವುದಾದರೆ, ಅಡಿಗಲ್ಲಿನ ಮೇಲೆ ಯಾರೂ ಮಲಗೋಕೆ ಆಗುವುದಿಲ್ಲ. ಗಂಡಸು ಕೈದಿಗಳಿಗೆ ಸಿಡ್ನಿಯಲ್ಲಿ 600 ಜನ ಹಿಡಿಸುವ ಹೈಡ್ ಪಾರ್ಕ್ ವಸತಿ 1819ರ ಜೂನ್‌ನಲ್ಲೇ ತೆರೆಯಿತು. ಹೆಂಗಸರದ್ದು ಮುಗಿದದ್ದು 1821ರಲ್ಲಿ.

ಫ್ರೈ ಏನು ಮಾಡಬಹುದಿತ್ತು?

ಅವರಿಗೆ ಮತದಾನದ ಹಕ್ಕಿಲ್ಲ, ಹುದ್ದೆ ಇಲ್ಲ. ಇದ್ದದ್ದು ಹೆಸರು, ನೆಂಟರು ಮತ್ತು ಟಪಾಲು. ತಂಗಿಯ ಗಂಡ ಥಾಮಸ್ ಫೋವೆಲ್ ಬಕ್ಸ್‌ಟನ್ 1818ರಿಂದ ಪಾರ್ಲಿಮೆಂಟ್ ಸದಸ್ಯರು, ಜೈಲುಗಳ ಬಗ್ಗೆ ಬರೆದವರು. ಆ ದಾರಿ ಇತ್ತು.

ಆದರೆ ಜೈಲುಗಳ ಮೇಲೆ ಅಧಿಕಾರ ಇದ್ದ ಗೃಹಮಂತ್ರಿ ಲಾರ್ಡ್ ಸಿಡ್‌ಮತ್ ಜೊತೆ ಸಂಬಂಧ ಹಳಸಿತ್ತು. ಕಾರಣ ಹ್ಯಾರಿಯೆಟ್ ಸ್ಕೆಲ್ಟನ್ ಎಂಬ ಮನೆಗೆಲಸದವಳು. ಪ್ರೀತಿಸಿದವನ ಮಾತು ಕೇಳಿ ಖೋಟಾ ನೋಟು ಚಲಾಯಿಸಿದಳು, ಗಲ್ಲಿನ ಶಿಕ್ಷೆ ಆಯಿತು. ಫ್ರೈ ಅವಳಿಗಾಗಿ ಬಹಳ ಓಡಾಡಿದರು. ಗ್ಲಾಸ್ಟರ್‌ನ ಡ್ಯೂಕ್ ಅವರನ್ನೂ ಹಿಡಿದರು. ಸಿಡ್‌ಮತ್ ಜಗ್ಗಲಿಲ್ಲ, ಕೋಪವನ್ನೂ ಮಾಡಿಕೊಂಡರು. 1818ರ ಏಪ್ರಿಲ್‌ನಲ್ಲಿ ಅವಳನ್ನು ನೇಣು ಹಾಕಿದರು. ಆಮೇಲೆ ಸಿಡ್‌ಮತ್ ಬಾಗಿಲು ಫ್ರೈ ಅವರಿಗೆ ಮುಚ್ಚಿದಂತೆಯೇ.

ಇಲ್ಲಿ ಒಂದು ಅಡ್ಡಮಾತು. ಪ್ಯಾರಮಟ್ಟಾದ ಹೊಸ ಕಟ್ಟಡದ ನಕ್ಷೆ ಬರೆದ ಫ್ರಾನ್ಸಿಸ್ ಗ್ರೀನ್‌ವೇ ಕೂಡ ಖೋಟಾ ಕಾಗದದ ಕೇಸಿನವರೇ. ಅವರಿಗೂ 1812ರಲ್ಲಿ ಗಲ್ಲು ಅಂತ ತೀರ್ಪಾಗಿತ್ತು. ಅದು 14 ವರ್ಷದ ಗಡೀಪಾರಿಗೆ ಇಳಿಯಿತು. ಅಲ್ಲಿ ಹೋಗಿ ಸರ್ಕಾರದ ವಾಸ್ತುಶಿಲ್ಪಿ ಆದರು. ಮುಂದೆ 1966ರಲ್ಲಿ ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟಿನ ಮೇಲೆ ಅವರ ಮುಖವೇ ಬಂತು. ಸ್ಕೆಲ್ಟನ್‌ಗೆ ಆ ಇಳಿಕೆ ಸಿಗಲಿಲ್ಲ.

ಸಿಡ್‌ಮತ್ 1822ರ ಆರಂಭದಲ್ಲಿ ಕುರ್ಚಿ ಬಿಟ್ಟರು, ರಾಬರ್ಟ್ ಪೀಲ್ ಬಂದರು. 1823ರಲ್ಲಿ ಪೀಲ್ ತಂದ ಜೈಲು ಕಾಯ್ದೆಯಲ್ಲಿ ಹೆಂಗಸು ಕೈದಿಗಳನ್ನು ನೋಡಿಕೊಳ್ಳಲು ಹೆಂಗಸರೇ ಇರಬೇಕು ಅನ್ನುವ ನಿಯಮ ಸೇರಿತು. ಅದೇ ವರ್ಷ ಫ್ರೈ ವಸಾಹತು ಕಚೇರಿಯ ಉಪಕಾರ್ಯದರ್ಶಿ ವಿಲ್ಮಟ್ ಹಾರ್ಟನ್ ಅವರಿಗೆ ಬರೆದ ಪತ್ರ ನಮ್ಮ ಪ್ರಕರಣಕ್ಕೆ ನೇರ ಸಂಬಂಧಪಟ್ಟದ್ದು. ಈ ಪತ್ರದಲ್ಲಿ ಕಣ್ಣೀರಿಲ್ಲ, ಬೈಬಲಿನ ವಾಕ್ಯಗಳ ಸುರಿಮಳೆ ಇಲ್ಲ. ಬೇಕಾದ್ದರ ಪಟ್ಟಿ ಇದೆ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್‌ನಲ್ಲಿ ಬಂದಿಳಿಯುವ ಹೆಂಗಸರಿಗೆ ಒಂದು ಕಟ್ಟಡ ಬೇಕು. ಅದಕ್ಕೆ ಜವಾಬ್ದಾರಿ ಹೊರುವ ಒಬ್ಬ ಮರ್ಯಾದಸ್ಥ ಮೇಟ್ರನ್, ಅಂದರೆ ಉಸ್ತುವಾರಿ ಹೆಂಗಸು, ಬೇಕು. ಹಡಗಿನಿಂದ ಕಟ್ಟಡಕ್ಕೆ ಗಲಾಟೆ ಇಲ್ಲದೆ, ಮಾನವಾಗಿ ಕರೆದೊಯ್ಯಬೇಕು. ಮನೆಗೆಲಸಕ್ಕೆ ಆಳು ಬೇಕಾದವರು ಅಲ್ಲಿಗೆ ಬಂದು ಕೇಳಬೇಕು. ಪ್ರಯಾಣಕ್ಕೆ ಸಾಕಷ್ಟು ಬಟ್ಟೆ ಕೊಡಬೇಕು.

ಮಾರ್ಸ್‌ಡನ್ ಪತ್ರದಿಂದ ಈ ಪತ್ರಕ್ಕೆ ಬರುವಷ್ಟರಲ್ಲಿ ಫ್ರೈ ಬರೆಯುವ ರೀತಿಯೇ ಬದಲಾಗಿದೆ ಅನ್ನಿಸುತ್ತದೆ. ಇದು ನನ್ನ ಓದು. 1818ರಲ್ಲಿ ಅವರ ಗಮನ ಬಂಡಿ, ಹಡಗು, ಹೊಲಿಗೆ ಗಂಟಿನ ಮೇಲಿತ್ತು. ಈಗ ಏಣಿ ಇಳಿದ ಮೇಲಿನ ಮೊದಲ ಕೆಲವು ಗಂಟೆಗಳ ಮೇಲೆ ಬಂದು ನಿಂತಿದೆ. ನಡುವೆ 1820ರ ಜೇನಸ್ ಹಡಗಿನ ಹಗರಣವೂ ಆಗಿತ್ತು. ನೂರಕ್ಕೂ ಹೆಚ್ಚು ಹೆಂಗಸರನ್ನು ತಂದ ಆ ಹಡಗಿನಲ್ಲಿ ಕಪ್ತಾನ ಮತ್ತು ನಾವಿಕರು ದಾರಿಯುದ್ದಕ್ಕೂ ನಡೆದುಕೊಂಡ ರೀತಿಯ ಬಗ್ಗೆ ಸಿಡ್ನಿಯಲ್ಲಿ ವಿಚಾರಣೆ ನಡೆಯಿತು. ದಂಡೆಯಲ್ಲಿ ಎಷ್ಟೇ ವ್ಯವಸ್ಥೆ ಮಾಡಿ ಕಳಿಸಿದರೂ ಕಣ್ಣಿಗೆ ಕಾಣದ ಕಡೆ ಏನಾಗುತ್ತದೆ ಅಂತ ಇದರಿಂದಲೂ ಗೊತ್ತಾಗಿತ್ತು.

ಕಟ್ಟಡ ಎದ್ದ ಮೇಲೆ

ಫ್ರೈ ಜೀವನದ ಕಥೆ ಹೇಳುವ ಹಲವರು, ಮಾರ್ಸ್‌ಡನ್ ಪತ್ರ ಬಂತು, ಫ್ರೈ ಸರ್ಕಾರಕ್ಕೆ ತಲುಪಿಸಿದರು, ಪ್ಯಾರಮಟ್ಟಾದಲ್ಲಿ ಕಟ್ಟಡ ಎದ್ದಿತು ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ತಾರೀಕುಗಳು ಇದಕ್ಕೆ ಒಪ್ಪುವುದಿಲ್ಲ. ಅಡಿಗಲ್ಲು ಮೊದಲು, ಪತ್ರ ಆಮೇಲೆ. ಪತ್ರ ಏನಾದರೂ ಮಾಡಿದ್ದರೆ ಒತ್ತಡ ಹೆಚ್ಚಿಸಿತು. 1819ರ ಸೆಪ್ಟೆಂಬರ್‌ನಲ್ಲಿ ಲಂಡನ್ ಸರ್ಕಾರ ಕಳಿಸಿದ ತನಿಖಾಧಿಕಾರಿ ಜಾನ್ ಥಾಮಸ್ ಬಿಗ್ ಸಿಡ್ನಿಗೆ ಬಂದಿಳಿದರು. ಮೆಕ್ವಾರಿ ಆಡಳಿತವನ್ನು ಎಳೆ ಎಳೆಯಾಗಿ ಬಿಡಿಸಿದರು. ಕಟ್ಟಡ ಮುಗಿಸದೆ ಇರುವ ಧೈರ್ಯ ಆಗ ಯಾರಿಗೂ ಇರಲಿಲ್ಲ.

1821ರಲ್ಲಿ ಹೆಂಗಸರು ಜೈಲಿನ ಮಹಡಿಯಿಂದ ಹೊಸ ಕಟ್ಟಡಕ್ಕೆ ಬಂದರು. ಮೂರು ಅಂತಸ್ತು, ಮರಳುಗಲ್ಲು, 300 ಜನರ ಲೆಕ್ಕ. ಮಲಗಲು ಜಾಗ ಆಯಿತು. ಅದರ ಜೊತೆಗೆ ಎತ್ತರದ ಗೋಡೆಯೂ ಬಂತು. ಹಳೆಯ ಕಡೆ ಸಂಜೆ ಹೊರಗೆ ಹೋಗಲೇಬೇಕಿತ್ತು, ಇಲ್ಲಿ ಹೋಗೋಕೇ ಆಗದು. ಕೆಲವು ವರ್ಷಗಳಲ್ಲಿ ಹೆಂಗಸರನ್ನು ಮೂರು ದರ್ಜೆ ಮಾಡಿದರು. ಮೂರನೆಯ ದರ್ಜೆ ಅಂದರೆ ಶಿಕ್ಷೆ. ಅವರ ತಲೆಗೂದಲು ಕತ್ತರಿಸುತ್ತಿದ್ದರು. ಹೊಡೆತಕ್ಕಿಂತ ಅದಕ್ಕೇ ಹೆಂಗಸರು ಜಾಸ್ತಿ ರೇಗುತ್ತಿದ್ದರು. 1827ರ ಅಕ್ಟೋಬರ್‌ನಲ್ಲಿ ಪಡಿ ಕಡಿಮೆ ಮಾಡಿದಾಗ ಬಾಗಿಲು ಮುರಿದು ಪ್ಯಾರಮಟ್ಟಾ ಬೀದಿಗೆ ನುಗ್ಗಿದರು. ಬ್ರೆಡ್ಡು, ಮಾಂಸ ಕಿತ್ತುಕೊಂಡರು. ಸೈನಿಕರು ಬಂದು ಹಿಂದಕ್ಕೆ ಅಟ್ಟಬೇಕಾಯಿತು. 1840ರ ದಶಕದ ಆರಂಭದ ಹೊತ್ತಿಗೆ 300ರ ಲೆಕ್ಕದ ಆ ಆವರಣದಲ್ಲಿ 1,200ಕ್ಕೂ ಹೆಚ್ಚು ಹೆಂಗಸರು ತುಂಬಿದ್ದರು.

ಹೋಬಾರ್ಟ್‌ನಲ್ಲಿ 1828ರ ಕೊನೆಗೆ ಹೆಂಗಸರ ಕಾರ್ಖಾನೆ ತೆರೆಯಿತು. ಹೊಸದಾಗಿ ಕಟ್ಟಿದ್ದಲ್ಲ, ಊರಾಚೆಯ ತಗ್ಗಿನಲ್ಲಿದ್ದ ಹಳೆಯ ಸಾರಾಯಿ ಭಟ್ಟಿಯನ್ನು ಬದಲಾಯಿಸಿದ್ದು. ಬಿಸಿಲು ಬೀಳದ, ಥಂಡಿ ಹಿಡಿಯುವ ಜಾಗ. ಅಲ್ಲಿ ಕೂಸುಗಳು ಬಹಳ ಸತ್ತವು. ಪಟ್ಟಿಯಲ್ಲಿ ಕೇಳಿದ್ದ 'ಒಂದು ಕಟ್ಟಡ' ಸಿಕ್ಕಿತು. ಕಟ್ಟಡ ಎಲ್ಲಿರಬೇಕು, ಗಾಳಿ ಬೆಳಕು ಎಷ್ಟಿರಬೇಕು ಅನ್ನೋದನ್ನು ಇಂಗ್ಲೆಂಡಿನಲ್ಲಿ ಕೂತು ಬರೆಯಲು ಬರುವುದಿಲ್ಲ.

ಕೈದಿಗಳ ಪತ್ರಗಳು

ಈ ಪತ್ರವ್ಯವಹಾರದಲ್ಲಿ ಪಾದ್ರಿ ಇದ್ದಾರೆ, ಮಂತ್ರಿ ಇದ್ದಾರೆ, ಉಪಕಾರ್ಯದರ್ಶಿ ಇದ್ದಾರೆ. 150 ಹೆಂಗಸರು ಎಲ್ಲಿ? ಅವರ ಮಾತು ನಮಗೆ ಸಿಗುವುದು ಮಾರ್ಸ್‌ಡನ್ ಬಾಯಿಂದ, ಅದೂ ಆಪಾದಿತೆಯಾಗಿ ನಿಂತಾಗ ಆಡಿದ ಒಂದು ವಾಕ್ಯ.

ಕೈದಿ ಹೆಂಗಸರೇ ಬರೆದ ಪತ್ರಗಳೂ ಕೆಲವು ಉಳಿದಿವೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ವಸಾಹತಿನಿಂದ ಒಬ್ಬಾಕೆ ಫ್ರೈ ಅವರಿಗೆ ಬರೆಯುತ್ತಾಳೆ. 1817ರ ಏಪ್ರಿಲ್‌ನಲ್ಲಿ ನೀವು ಮಾಡಿದ ಪ್ರಾರ್ಥನೆ ಮನಸ್ಸಿನಲ್ಲಿ ಇಳಿದಿದೆ, ನ್ಯೂಗೇಟ್ ಗೋಡೆಯೊಳಗೆ ಬಂದ ದಿನವನ್ನೇ ಹರಸುತ್ತೇನೆ ಅನ್ನುತ್ತಾಳೆ. ಓದಿದರೆ ಮನಸ್ಸು ತುಂಬುತ್ತದೆ. ಅನುಮಾನವೂ ಬರುತ್ತದೆ. 1845ರಲ್ಲಿ ಫ್ರೈ ತೀರಿಕೊಂಡ ಮೇಲೆ, 1847ರಲ್ಲಿ ಇಬ್ಬರು ಹೆಣ್ಣುಮಕ್ಕಳು ಅಮ್ಮನ ದಿನಚರಿ ಮತ್ತು ಪತ್ರಗಳಿಂದ ಆಯ್ದು ಎರಡು ಸಂಪುಟ ತಂದರು. ಅಮ್ಮನ ನೆನಪಿಗೆ ಮಾಡುವ ಪುಸ್ತಕದಲ್ಲಿ ಮಕ್ಕಳು ಯಾವ ಪತ್ರ ಇಡುತ್ತಾರೆ, ಯಾವುದನ್ನು ಬಿಡುತ್ತಾರೆ? ಧನ್ಯವಾದದ ಪತ್ರ ಬದುಕುವುದು ಸುಲಭ. ನಿಮ್ಮ ಬೈಬಲ್ ಚೆನ್ನಾಗಿದೆ ತಾಯಿ, ಆದರೆ ಇಳಿದ ರಾತ್ರಿ ಮಲಗಲು ಜಾಗ ಸಿಗಲಿಲ್ಲ ಅಂತ ಯಾರಾದರೂ ಬರೆದಿದ್ದರೆ, ಅದು ಎರಡು ಸಾಗರ ದಾಟಿ ಬಂದು ಪುಸ್ತಕ ಸೇರುವುದು ಕಷ್ಟವೇ. ಬರೆಯೋಕೆ ಬರುತ್ತಿದ್ದವರೂ ಕಡಿಮೆ.

ಬಟ್ಟೆಯ ಮೇಲೆ ಬರೆದದ್ದು ಮಾತ್ರ ಒಂದು ಉಳಿದಿದೆ. 1841ರಲ್ಲಿ ರಾಜಾ ಎಂಬ ಹಡಗು ಸುಮಾರು 180 ಹೆಂಗಸರನ್ನು ಹೋಬಾರ್ಟ್‌ಗೆ ಒಯ್ದಿತು. ಮೇಟ್ರನ್ ಆಗಿ ಕೆಜಿಯಾ ಹೇಟರ್ ಎಂಬ ಯುವತಿ ಜೊತೆಗೆ ಹೋಗಿದ್ದರು. ಆ ಹೊತ್ತಿಗೆ ಫ್ರೈ ಮತ್ತು ಗೆಳತಿಯರು 1818ರಿಂದ 106 ಹಡಗುಗಳನ್ನು, ಸುಮಾರು 12,000 ಹೆಂಗಸರನ್ನು ಕಂಡಿದ್ದರು. ದಾರಿಯಲ್ಲಿ ರಾಜಾ ಹಡಗಿನ ಹೆಂಗಸರು ಸೇರಿ ಮೂರು ಮೀಟರಿಗೂ ಮಿಕ್ಕಿದ ಒಂದು ದೊಡ್ಡ ಕೌದಿ ಹೊಲಿದರು. 2,815 ತುಂಡುಗಳು. ಕೆಲವು ಕಡೆ ಹೊಲಿಗೆ ಹೆಂಗಸರ ಕೈಚಳಕ ತೋರುತ್ತದೆ. ಕೆಲವು ಕಡೆ ಸೂಜಿ ಚುಚ್ಚಿಕೊಂಡ ರಕ್ತದ ಕಲೆ ಇದೆ. ಬಹುಕಾಲ ಕಣ್ಮರೆಯಾಗಿದ್ದ ಅದು 1980ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಸಿಕ್ಕಿತು. ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ.

ಕೌದಿಯ ಕೆಳಗೆ ನೂಲಿನಲ್ಲಿ ಕಸೂತಿ ಮಾಡಿದ ಸಾಲುಗಳಿವೆ. ಅದೂ ಪತ್ರವೇ, ಕೈದಿ ಹಡಗುಗಳನ್ನು ನೋಡಿಕೊಳ್ಳುತ್ತಿದ್ದ ಲಂಡನ್ನಿನ ಸಮಿತಿಯ ಮಹಿಳೆಯರಿಗೆ, ಅಂದರೆ ಫ್ರೈ ಮತ್ತು ಗೆಳತಿಯರಿಗೆ. ಹೊಲಿದ ಒಬ್ಬಳ ಹೆಸರೂ ಅದರಲ್ಲಿಲ್ಲ. ನಾವು ಇಂಗ್ಲೆಂಡಿನಲ್ಲಿದ್ದಾಗ ಮತ್ತು ಪ್ರಯಾಣದ ಹೊತ್ತಿನಲ್ಲಿ ನಮ್ಮ ಒಳಿತಿಗಾಗಿ ನೀವು ಪಟ್ಟ ಶ್ರಮಕ್ಕೆ ಕೃತಜ್ಞತೆ ಅಂತ ಅದು ಹೇಳುತ್ತದೆ. ತಾರೀಕು 1841ರ ಜೂನ್. ಹಡಗು ಹೋಬಾರ್ಟ್ ಮುಟ್ಟಿದ್ದು ಜುಲೈನಲ್ಲಿ.